ಹಾಸ್ಯಖಳ: ಧಾರವಾಡ ಸೀಮೆಯ ಬಯಲಾಟದಲ್ಲಿ ಅವಮಾನ ಮತ್ತು ಸೇಡಿನ ಪಾತ್ರ

ನೋಡುವವರನ್ನು ನಗಿಸುತ್ತಲೇ ಕಥೆಗೆ ಕೇಡು ತರುವ ಪಾತ್ರಗಳು ಉತ್ತರ ಕರ್ನಾಟಕದ ಬಯಲಾಟದಲ್ಲಿ ಹಲವು. ಮಯಸಭೆಯಲ್ಲಿ ಜಾರಿಬಿದ್ದ ಕೌರವ, ಸೈರಂಧ್ರಿಯ ಬೆನ್ನುಹತ್ತಿದ ಕೀಚಕ, ಮೂಗು ಕೊಯ್ಯಿಸಿಕೊಂಡ ಶೂರ್ಪನಖಿ, ಕುಂಟುತ್ತ ಬರುವ ಶಕುನಿ, ತೋಳಿನ ತುರಿಕೆ ತಾಳಲಾರದೆ ಯುದ್ಧ ಬೇಡುವ ಬಾಣಾಸುರ ಇವರೆಲ್ಲ ಈ ಸಾಲಿಗೆ ಸೇರಿದವರು. ಇವರನ್ನು ಒಟ್ಟಾಗಿ ಹಾಸ್ಯಖಳರು ಎನ್ನಬಹುದು. ಇವರಲ್ಲಿ ಹೆಚ್ಚಿನವರ ಕಥೆಗೆ ಒಂದೇ ನಡೆ: ಮೊದಲು ಮೆರೆದಾಟ, ನಡುವೆ ನಾಲ್ಕು ಜನರೆದುರು ಅವಮಾನ, ಆಮೇಲೆ ಸೇಡು, ಕೊನೆಗೆ ಸಾವು ಇಲ್ಲವೆ ಸೋಲು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿಗಳನ್ನು ಒಳಗೊಂಡ ಗ್ರಾಮೀಣ ಧಾರವಾಡದಲ್ಲಿ ಈ ಪಾತ್ರ ಹಳಗನ್ನಡ ಕಾವ್ಯ, ದೊಡ್ಡಾಟ, ಸಣ್ಣಾಟ, ತೊಗಲುಗೊಂಬೆಯಾಟ, ಹಬ್ಬದ ಸೋಗು, ಕಂಪನಿ ನಾಟಕ ಮತ್ತು ಹೊಸ ನಾಟಕಗಳವರೆಗೆ ಹರಿದುಬಂದಿದೆ. ಖಳನ ನಗೆಯೂ ಖಳನ ಸೇಡೂ ಒಂದೇ ಗಾಯದಿಂದ ಹುಟ್ಟುತ್ತವೆ ಎಂಬ ತಿಳಿವಳಿಕೆ ಈ ಪರಂಪರೆಯ ಜೀವಾಳ.

ಸೀಮೆ ಮತ್ತು ಕಾವ್ಯದ ಹಿನ್ನೆಲೆ

1997ರಲ್ಲಿ ಗದಗ ಮತ್ತು ಹಾವೇರಿ ಜಿಲ್ಲೆಗಳು ಬೇರೆಯಾಗುವವರೆಗೆ ಧಾರವಾಡ ಜಿಲ್ಲೆ ಬಹು ವಿಸ್ತಾರವಾಗಿತ್ತು. ಆಟದ ಮೇಳಗಳಿಗೂ ಕಲಿಸುವ ಮಾಸ್ತರರಿಗೂ ಇಂದಿನ ಜಿಲ್ಲೆಯ ಗಡಿಗಳು ಲೆಕ್ಕಕ್ಕಿರಲಿಲ್ಲ. ನವಲಗುಂದ ಮತ್ತು ಅಣ್ಣಿಗೇರಿಯ ಎರೆಭೂಮಿ, ಕುಂದಗೋಳದ ಹತ್ತಿ ಮೆಣಸಿನಕಾಯಿಯ ಹೊಲಗಳು, ಮಲೆನಾಡಿನ ಸೆರಗಿಗೆ ತಾಗಿದ ಕಲಘಟಗಿ ಈ ಎಲ್ಲ ಕಡೆ ಆಟ ಆಡುವವರು ಒಕ್ಕಲುತನದವರೇ. ಸುಗ್ಗಿ ಮುಗಿದು ಕೈ ಬಿಡುವಾದಾಗ, ಜಾತ್ರೆ ಉಗಾದಿಗಳ ಸಮಯದಲ್ಲಿ ಆಟ ಹಚ್ಚುವುದು ರೂಢಿ.

ಈ ಸೀಮೆಗೆ ಖಳನನ್ನು ಕೇವಲ ಖಳನೆಂದು ನೋಡದ ಕಾವ್ಯದ ಹಿರಿಮೆಯಿದೆ. ಆದಿಕವಿ ಪಂಪನ ಹೆಸರು ಅಣ್ಣಿಗೇರಿಯೊಡನೆ ಬೆಸೆದುಕೊಂಡಿದೆ. ವೇಮುಲವಾಡದ ಚಾಲುಕ್ಯ ಎರಡನೆಯ ಅರಿಕೇಸರಿಯ ಆಶ್ರಯದಲ್ಲಿದ್ದ ಅವನು 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ. ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡರೂ, ಕಾವ್ಯದ ಕೊನೆಗೆ ಭಾರತದ ಹಿರಿಯರನ್ನು ಒಂದೊಂದು ಗುಣಕ್ಕೆ ನೆನೆಯುವಾಗ ಛಲಕ್ಕೆ ಅವನು ಎತ್ತಿ ಹೇಳಿದ್ದು ದುರ್ಯೋಧನನ ಹೆಸರನ್ನು. ಮುಧೋಳದ ರನ್ನ 'ಗದಾಯುದ್ಧ'ದಲ್ಲಿ ಅದೇ ದುರ್ಯೋಧನನನ್ನು ಮಹಾನುಭಾವನ ಎತ್ತರಕ್ಕೆ ಒಯ್ದ. ಆ ಕಾವ್ಯದಲ್ಲಿ ವಿದೂಷಕನೂ ಇದ್ದಾನೆ. ಅದರ ನಾಟಕೀಯ ಕಟ್ಟನ್ನು ವಿದ್ವಾಂಸರು ಮತ್ತೆ ಮತ್ತೆ ಗುರುತಿಸಿದ್ದಾರೆ. ಹುಬ್ಬಳ್ಳಿ ಹತ್ತಿರದ ಕೋಳಿವಾಡದ ಕುಮಾರವ್ಯಾಸ 15ನೆಯ ಶತಮಾನದಲ್ಲಿ ಭಾಮಿನಿ ಷಟ್ಪದಿಯಲ್ಲಿ ಭಾರತ ಹೇಳಿದಾಗ ನಗೆ ಇನ್ನೂ ಬಿಚ್ಚಿಕೊಂಡಿತು. ಹೆಂಗಸರೆದುರು ಪೌರುಷ ಕೊಚ್ಚಿ, ಕೌರವಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುವ ಉತ್ತರಕುಮಾರ ಅವನ ಕೈಯಲ್ಲಿ ಮರೆಯಲಾಗದ ಹಾಸ್ಯಪಾತ್ರವಾದ. ಕೀಚಕನ ಕಾಮವಿಕಾರವನ್ನೂ ಅವನು ನಗೆ ಮತ್ತು ಭಯ ಎರಡೂ ಹುಟ್ಟುವಂತೆ ಚಿತ್ರಿಸಿದ. ಊರ ಗುಡಿಗಳಲ್ಲಿ ಗದುಗಿನ ಭಾರತವೆಂದು ಹೆಸರಾದ ಈ ಕಾವ್ಯದ ವಾಚನ ಕೇಳಿ ಬೆಳೆದವರು ಅಟ್ಟ ಹತ್ತಿದಾಗ ಈ ಪಾತ್ರಗಳು ಅವರಿಗೆ ಹೊಸವಾಗಿರಲಿಲ್ಲ.

ದೊಡ್ಡಾಟದ ಚೌಕಟ್ಟು

ದೊಡ್ಡಾಟ ಉತ್ತರ ಕರ್ನಾಟಕದ ಮುಖ್ಯ ಬಯಲಾಟ ಪ್ರಕಾರ. ಎತ್ತರದ ಅಟ್ಟದ ಮೇಲೆ ಆಡುವುದರಿಂದ ಅಟ್ಟದಾಟ ಎಂಬ ಹೆಸರೂ ಇದೆ. ವಿದ್ವಾಂಸರು ಇದನ್ನು ಮೂಡಲಪಾಯ ಯಕ್ಷಗಾನದ ಬಳಗಕ್ಕೆ ಸೇರಿಸುತ್ತಾರೆ. ರಾಮಾಯಣ, ಭಾರತ, ಭಾಗವತ ಮತ್ತು ಶೈವ ಪುರಾಣಗಳ ಕಥೆಗಳೇ ಇದರ ವಸ್ತು. ಊರವರು ವಂತಿಗೆ ಹಾಕಿ, ಕಲಿಸುವ ಮಾಸ್ತರನನ್ನು ಕರೆಸಿ, ಗುಡಿಯಲ್ಲೋ ಚಾವಡಿಯಲ್ಲೋ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಹೆಣ್ಣು ಪಾತ್ರಗಳನ್ನು ಮೊದಲು ಗಂಡಸರೇ ಮಾಡುತ್ತಿದ್ದರು. ಆಟ ರಾತ್ರಿ ಊಟದ ಮೇಲೆ ಗಣಪತಿ ಸ್ತುತಿಯಿಂದ ಆರಂಭವಾಗಿ ಬೆಳಗಿನ ಮಂಗಳಾರತಿಗೆ ಮುಗಿಯುತ್ತದೆ. ಮದ್ದಳೆ, ತಾಳ, ಹಾರ್ಮೋನಿಯಂ ಹಿಮ್ಮೇಳದ ವಾದ್ಯಗಳು. ಕಂದ, ಭಾಮಿನಿ, ದರುವುಗಳನ್ನು ಹಾಡಿದ ಮೇಲೆ ಮಾತು ಬರುತ್ತದೆ. ಪಾತ್ರಧಾರಿ ಹಾಡಿನ ಅರ್ಥವನ್ನು ಮಾತಿನಲ್ಲಿ ಬಿಡಿಸುತ್ತ ಸಭೆಯನ್ನು ಹಿಡಿದಿಡಬೇಕು.

ಈ ಚೌಕಟ್ಟಿನಲ್ಲಿ ಖಳನಿಗೆ ಸಿಗುವ ಜಾಗ ದೊಡ್ಡದು. ರಾಜ ಮತ್ತು ರಾಕ್ಷಸ ಪಾತ್ರಗಳಿಗೆ ಕಿರೀಟ, ಭುಜಕೀರ್ತಿ, ಎದೆಹಾರ, ಗೆಜ್ಜೆ, ಗದೆಗಳ ಅಬ್ಬರವಿದೆ. ಹಗುರವಾದ ಕಟ್ಟಿಗೆಯಲ್ಲಿ ಕೊರೆದು ಕನ್ನಡಿ ಚೂರು ಮತ್ತು ಬಣ್ಣದ ಬೇಗಡೆ ಹಚ್ಚಿದ ಈ ಸಾಮಾನು ದೀಪದ ಬೆಳಕಿನಲ್ಲಿ ಮಿನುಗುತ್ತದೆ. ದೇವತೆಗಳು ಶಾಂತವಾಗಿ ಬಂದರೆ ರಾಕ್ಷಸ ಆರ್ಭಟದಿಂದ ಬರುತ್ತಾನೆ. ಕೆಲವೆಡೆ ಅವನು ಜನರ ನಡುವಿನಿಂದಲೇ ದೀವಟಿಗೆಯ ಬೆಳಕಿನಲ್ಲಿ ಕೇಕೆ ಹಾಕುತ್ತ ಅಟ್ಟಕ್ಕೆ ನುಗ್ಗುವುದೂ ಉಂಟು. ಹಲಗೆ ಗುಡುಗುವಂತೆ ಹೆಜ್ಜೆ ಹಾಕುವ ತಾಕತ್ತು ಮತ್ತು ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ಮುಟ್ಟುವ ಕಂಠ ಇದ್ದವರಿಗೇ ಈ ಪಾತ್ರ ಸಲ್ಲುತ್ತಿತ್ತು. ಕೌರವನ ಪಾತ್ರ ಮಾಡಿದವನಿಗೆ ಊರಲ್ಲಿ ಬೇರೆಯೇ ಗೌರವ. ಆಟ ಮುಗಿದ ಮೇಲೂ ಜನ ಅವನನ್ನು ಆ ಹೆಸರಿನಿಂದ ಕರೆಯುವುದು ಅಪರೂಪವಲ್ಲ.

ಸಾರಥಿ ಮತ್ತು ಅಣಕದ ಕೆಲಸ

ದೊಡ್ಡಾಟದ ನಗೆಯ ಮುಖ್ಯ ವಾಹಕ ಸಾರಥಿ. ಪಾತ್ರವೊಂದು ಅಟ್ಟಕ್ಕೆ ಬಂದೊಡನೆ ಅದರ ಹೆಸರು, ಊರು, ಬಂದ ಕಾರಣ ಎಲ್ಲವನ್ನೂ ಅವನು ಕೇಳಿ ತಿಳಿಯಬೇಕು. ಉತ್ತರ ಹೇಳದೆ ರಾಜನೂ ಮುಂದುವರಿಯುವಂತಿಲ್ಲ. ರಾಜ ಗ್ರಂಥಭಾಷೆಯಲ್ಲಿ, ಉದ್ದುದ್ದ ಸಮಾಸಗಳಲ್ಲಿ ತನ್ನ ಬಿರುದು ಹೇಳಿಕೊಂಡರೆ ಸಾರಥಿ ಅದನ್ನು ಊರ ಆಡುಮಾತಿಗೆ ಇಳಿಸುತ್ತಾನೆ. ಹಸ್ತಿನಾವತಿಯ ಆಸ್ಥಾನಕ್ಕೆ ಕುಲಕರ್ಣಿಯ ದಫ್ತರ, ಸಂತೆಯ ದರ, ಮಳೆ ಬಾರದ ಚಿಂತೆ ಎಲ್ಲ ಬಂದು ಸೇರುತ್ತವೆ. ಪುರಾಣದ ಅದ್ಭುತ ಲೋಕ ಹೀಗೆ ಊರ ಅಳತೆಗೆ ಬರುತ್ತದೆ. ತಮಿಳಿನ ತೆರುಕ್ಕೂತ್ತಿನ ಕಟ್ಟಿಯಕ್ಕಾರನ್, ಕರಾವಳಿ ಯಕ್ಷಗಾನದ ಹಾಸ್ಯಗಾರ ಇದೇ ಕುಲದವರು.

ಸಾರಥಿಯ ಅಣಕಕ್ಕೆ ಮೊದಲ ಗುರಿ ಖಳನೇ. ಧರ್ಮರಾಯನ ಮುಂದೆ ಸಾರಥಿಯ ಮಾತಿಗೆ ಮಿತಿಯಿದೆ, ಕೃಷ್ಣನ ಮುಂದೆ ಭಕ್ತಿಯಿದೆ. ಕೌರವನ, ಕೀಚಕನ, ರಾಕ್ಷಸನ ಮುಂದೆ ಮಾತ್ರ ಅವನ ನಾಲಿಗೆ ಪೂರ್ತಿ ಬಿಡುಬೀಸು. ಬಿರುದುಗಳನ್ನು ತಪ್ಪಾಗಿ ಕೇಳಿಸಿಕೊಳ್ಳುವುದು, ಹೇಳಿದ ಕೆಲಸವನ್ನು ತಿರುವಿಹಾಕುವುದು, ಆರ್ಭಟಕ್ಕೆ ಹೆದರಿದಂತೆ ನಟಿಸಿ ಸಭೆಯ ಕಡೆ ಕಣ್ಣು ಮಿಟುಕಿಸುವುದು ಅವನ ವರಸೆಗಳು. ಖಳ ಸಿಟ್ಟಾದಷ್ಟೂ ನಗು ಹೆಚ್ಚು. ಆದರೆ ಒಳ್ಳೆಯ ಮಾಸ್ತರ ಈ ನಗೆಗೆ ಲಗಾಮು ಹಾಕುತ್ತಾನೆ. ಖಳನನ್ನು ಪೂರ್ತಿ ಹಗುರ ಮಾಡಿದರೆ ಮುಂದೆ ಅವನ ಸೇಡಿಗೆ ತೂಕ ಇರುವುದಿಲ್ಲ, ಅವನ ಸಾವಿಗೆ ಕಣ್ಣೀರೂ ಇರುವುದಿಲ್ಲ ಎಂಬುದು ಆಟ ಬಲ್ಲವರ ಅನುಭವ.

ಅವಮಾನದ ಗಳಿಗೆ: ಮುಖ್ಯ ಪಾತ್ರಗಳು

ಕೌರವ. ಮಯಸಭೆಯ ಪ್ರಸಂಗ ಈ ಪರಂಪರೆಯ ಮೂಲಮಾದರಿ. ರಾಜಸೂಯದ ಬಳಿಕ ಇಂದ್ರಪ್ರಸ್ಥದ ಸಭೆ ನೋಡಲು ಹೋದ ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿ ಹಿಡಿಯುತ್ತಾನೆ. ನೀರನ್ನು ನೆಲವೆಂದು ತಿಳಿದು ಬೀಳುತ್ತಾನೆ. ಗೋಡೆಯನ್ನು ಬಾಗಿಲೆಂದು ತಿಳಿದು ಹಣೆ ಬಡಿಸಿಕೊಳ್ಳುತ್ತಾನೆ. ವ್ಯಾಸಭಾರತದ ನಿರೂಪಣೆಯಲ್ಲಿ ಭೀಮಾದಿಗಳು ನಗುತ್ತಾರೆ. ಜನಪದರ ಹೇಳಿಕೆಯಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವುದು ದ್ರೌಪದಿಯ ನಗು. ಅಟ್ಟದ ಮೇಲೆ ನೀರೂ ಇಲ್ಲ, ಸ್ಫಟಿಕವೂ ಇಲ್ಲ. ನಟ ಬರಿಯ ಹೆಜ್ಜೆಯಿಂದ ಅದನ್ನೆಲ್ಲ ಕಾಣಿಸಬೇಕು. ಸಭೆಯೂ ನಗುತ್ತದೆ. ಆ ನಗುವಿನಿಂದ ಜೂಜು, ಜೂಜಿನಿಂದ ಸೀರೆ ಸೆಳೆದ ಅಪರಾಧ, ಅಲ್ಲಿಂದ ಕುರುಕ್ಷೇತ್ರ. ಬಿದ್ದವನನ್ನು ನೋಡಿ ತಾವೂ ನಕ್ಕಿದ್ದೇವೆ ಎಂಬ ಅರಿವು ವಸ್ತ್ರಾಪಹರಣದ ಹೊತ್ತಿಗೆ ನೋಡುವವರನ್ನು ತಟ್ಟುತ್ತದೆ. ಅವಮಾನ ಸೇಡಿಗೆ ಕಾರಣವಾಗುತ್ತದೆಯೇ ಹೊರತು ಸೇಡಿಗೆ ಸಮರ್ಥನೆಯಾಗುವುದಿಲ್ಲ ಎಂದು ಆಟ ಇಲ್ಲಿ ಸ್ಪಷ್ಟವಾಗಿ ನುಡಿಯುತ್ತದೆ: ಅವಮಾನಿತನು ತನಗಾದದ್ದಕ್ಕೆ ನೂರು ಪಟ್ಟು ಕ್ರೂರವಾದದ್ದನ್ನು ಒಬ್ಬ ಹೆಣ್ಣಿನ ಮೇಲೆ ಮಾಡಹೊರಟ.

ಕೀಚಕ. ವಿರಾಟನ ಹೆಂಡತಿ ಸುದೇಷ್ಣೆಯ ತಮ್ಮ. ಅಕ್ಕನ ಬಲದಿಂದ ಅರಮನೆಯಲ್ಲಿ ಮೆರೆಯುವ ಇವನು ಸೈರಂಧ್ರಿಯ ವೇಷದ ದ್ರೌಪದಿಯ ಮುಂದೆ ಶೃಂಗಾರ ತೋರಿಸುವ ಭಾಗ ಆಟದ ದೊಡ್ಡ ನಗೆಯ ಜಾಗ. ಅವಳು ಒಲ್ಲೆನೆಂದಾಗ ಅವನ ಮುಖ ಬದಲಾಗುತ್ತದೆ. ತುಂಬಿದ ಸಭೆಯಲ್ಲಿ ಅವಳನ್ನು ಒದೆಯುವವರೆಗೆ ಅವನ ಸಿಟ್ಟು ಏರುತ್ತದೆ. ನಾಟ್ಯಶಾಲೆಯ ಕತ್ತಲಲ್ಲಿ ಹೆಣ್ಣುಡುಗೆಯ ಭೀಮನನ್ನು ಸೈರಂಧ್ರಿಯೆಂದು ತಿಳಿದು ಹತ್ತಿರ ಹೋಗುವ ದೃಶ್ಯದಲ್ಲಿ ನಗು ಮತ್ತು ಸಾವು ಒಟ್ಟಿಗೇ ಬರುತ್ತವೆ. ಅವನು ಸತ್ತ ಮೇಲೂ ಸೇಡು ನಿಲ್ಲುವುದಿಲ್ಲ. ಉಪಕೀಚಕರು ಸೈರಂಧ್ರಿಯನ್ನು ಅವನ ಹೆಣದ ಜೊತೆ ಸುಡಲು ಎಳೆದೊಯ್ಯುತ್ತಾರೆ. ಹೆಣ್ಣು ಬೇಡವೆಂದದ್ದನ್ನೇ ಅವಮಾನವೆಂದು ಬಗೆಯುವ ಗಂಡಸಿನ ಚಿತ್ರ ಇದಕ್ಕಿಂತ ಖಚಿತವಾಗಿ ಬಯಲಾಟದಲ್ಲಿ ಬೇರೊಂದಿಲ್ಲ.

ಶೂರ್ಪನಖಿ. ಮೊದಲು ಮಾಯೆಯ ಚೆಲುವೆಯಾಗಿ, ಆಮೇಲೆ ನಿಜರೂಪದ ರಕ್ಕಸಿಯಾಗಿ ಬರುವ ಈ ಪಾತ್ರಕ್ಕೆ ಎರಡು ಬಗೆಯ ವೇಷ, ಎರಡು ಬಗೆಯ ನಡೆ ಬೇಕು. ರಾಮ ಲಕ್ಷ್ಮಣರು ಅವಳನ್ನು ಒಬ್ಬರಿಂದ ಇನ್ನೊಬ್ಬರ ಕಡೆ ಅಟ್ಟಾಡಿಸುವಾಗ ಸಭೆ ನಗುತ್ತದೆ. ಲಕ್ಷ್ಮಣ ಮೂಗು ಕೊಯ್ದ ಮೇಲೆ ನಗು ನಿಲ್ಲುತ್ತದೆ. ಖರ ದೂಷಣರ ಬಳಿ, ಅನಂತರ ರಾವಣನ ಬಳಿ ಅವಳು ಹೇಳಿಕೊಳ್ಳುವ ದೂರೇ ರಾಮಾಯಣದ ಮುಂದಿನ ಕಥೆಯನ್ನು ನಡೆಸುತ್ತದೆ.

ಶಕುನಿ. ವ್ಯಾಸಭಾರತದಲ್ಲಿ ಇಲ್ಲದ, ಜನರ ಬಾಯಲ್ಲಿ ಬೆಳೆದ ಕಥೆಯೊಂದು ಇವನಿಗೆ ಬೇರೆಯೇ ಎತ್ತರ ಕೊಟ್ಟಿದೆ. ಗಾಂಧಾರದ ರಾಜನನ್ನೂ ಅವನ ಮಕ್ಕಳನ್ನೂ ಕೌರವನ ಮನೆಯವರು ಸೆರೆಯಲ್ಲಿಟ್ಟು ಅರೆಹೊಟ್ಟೆಯಲ್ಲಿ ಕೊಂದರು. ಸೇಡು ತೀರಿಸಲು ಒಬ್ಬನಾದರೂ ಉಳಿಯಲೆಂದು ಎಲ್ಲರೂ ತಮ್ಮ ಪಾಲಿನ ಕೂಳನ್ನು ಶಕುನಿಗೆ ಕೊಟ್ಟರು. ಸತ್ತ ತಂದೆಯ ಎಲುಬಿನಿಂದ ಅವನು ಪಗಡೆಯ ದಾಳ ಮಾಡಿಕೊಂಡ ಎಂದು ಆ ಕಥೆ ಹೇಳುತ್ತದೆ. ಅವನ ಕುಂಟುನಡೆಯೂ ಆ ದಿನಗಳ ನೆನಪಿಗೆ ಉಳಿದ ಗುರುತು ಎಂಬ ಮಾತಿದೆ. ಅಟ್ಟದ ಮೇಲೆ ಶಕುನಿ ನಗಿಸುವವನು. ಕೌರವನ ಕಿವಿಯಲ್ಲಿ ಕುಟುಕುತ್ತ, ದಾಳ ಉರುಳಿಸುತ್ತ, ಒಂದು ಕಣ್ಣನ್ನು ಸಭೆಯ ಮೇಲೆ ಇಟ್ಟಿರುತ್ತಾನೆ. ಅವನ ಸೇಡು ಪಾಂಡವರ ಮೇಲಲ್ಲ, ತಾನು ಉಣ್ಣುವ ಕೌರವನ ಮನೆಯ ಮೇಲೆ ಎಂದು ಗೊತ್ತಾದಾಗ ಇಡೀ ಭಾರತವೇ ಬೇರೆಯಾಗಿ ಕಾಣುತ್ತದೆ.

ಬಾಣಾಸುರ. ಸಾವಿರ ತೋಳಿನ ಶಿವಭಕ್ತ. ತೋಳುಗಳ ತುರಿಕೆ ತೀರಿಸಲು ತಕ್ಕ ಎದುರಾಳಿ ಬೇಕೆಂದು ಶಿವನನ್ನೇ ಕಾಡುವ ಅವನ ಅಹಂಕಾರ ನಗೆಗೆ ಹೇಳಿ ಮಾಡಿಸಿದ್ದು. ಮಗಳು ಉಷೆಯ ಅಂತಃಪುರದಲ್ಲಿ ಕೃಷ್ಣನ ಮೊಮ್ಮಗ ಅನಿರುದ್ಧ ಸಿಕ್ಕಿದಾಗ ಆ ಅಹಂಕಾರಕ್ಕೆ ಪೆಟ್ಟು ಬೀಳುತ್ತದೆ. ಸೇಡಿನ ಯುದ್ಧದಲ್ಲಿ ಕೃಷ್ಣ ಅವನ ತೋಳುಗಳನ್ನು ತರಿದರೂ ಜೀವ ಉಳಿಸುತ್ತಾನೆ. ಕೊನೆಗೆ ಮದುವೆ, ಮಂಗಳ. ಹಾಸ್ಯಖಳನೊಬ್ಬ ಬೀಗನಾಗಿ ಉಳಿಯುವ ಈ ಕಥೆ ಶುಭಕಾರ್ಯದ ಸಂದರ್ಭಗಳಿಗೆ ಒಗ್ಗುವಂಥದ್ದು. ಆಗಿನ ಧಾರವಾಡ ಜಿಲ್ಲೆಗೇ ಸೇರಿದ್ದ ಗದಗಿನಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ನಾಟಕ ಮಂಡಳಿ ಕಟ್ಟಿದ ಶಾಂತಕವಿಗಳು (ಸಕ್ಕರಿ ಬಾಳಾಚಾರ್ಯ, 1856–1920) ಕೂಡ 'ಉಷಾಹರಣ' ನಾಟಕ ಬರೆದರು.

ಲಕ್ಷಣಕುಮಾರ. ದುರ್ಯೋಧನನ ಮಗ. ಬಲರಾಮನ ಮಗಳನ್ನು ಮದುವೆಯಾಗಲು ದಿಬ್ಬಣದೊಡನೆ ಬಂದ ಇವನ ಮುಂದೆ ಘಟೋತ್ಕಚ ವಧುವಿನ ರೂಪ ತಾಳಿ ಕೂರುತ್ತಾನೆ. ಕನಕಾಂಗಿ, ಶಶಿರೇಖೆ, ವತ್ಸಲೆ ಎಂಬ ಬೇರೆ ಬೇರೆ ಹೆಸರುಗಳಲ್ಲಿ ವಧು ಕಾಣಿಸಿಕೊಳ್ಳುವ ಈ ಕಥೆ ವ್ಯಾಸಭಾರತದಲ್ಲಿಲ್ಲ. ಭಾರತದ ಅದ್ಭುತವನ್ನೇ ಅಣಕಿಸುತ್ತ ದಕ್ಷಿಣದ ರಂಗಭೂಮಿಗಳು ಬೆಳೆಸಿದ್ದು. 1957ರ 'ಮಾಯಾಬಜಾರ್' ಚಲನಚಿತ್ರ ಇದನ್ನು ಮನೆಮಾತಾಗಿಸಿತು. ನಗೆಯ ಮದುವೆಮನೆಯಲ್ಲಿ ಆ ವಧುವನ್ನು ಗೆದ್ದ ಅಭಿಮನ್ಯುವೇ ಕುರುಕ್ಷೇತ್ರದ ಚಕ್ರವ್ಯೂಹದಲ್ಲಿ ಲಕ್ಷಣಕುಮಾರನನ್ನು ಕೊಲ್ಲುತ್ತಾನೆ. ಮಗನನ್ನು ಕಳೆದುಕೊಂಡ ದುರ್ಯೋಧನನ ಕೋಪ ಅಭಿಮನ್ಯುವಿನ ಸಾವಿನಲ್ಲಿ ಕೊನೆಗಾಣುತ್ತದೆ.

ಸಣ್ಣಾಟ, ಪಾರಿಜಾತ, ತೊಗಲುಗೊಂಬೆ

ದೊಡ್ಡಾಟಕ್ಕೆ ಹೋಲಿಸಿದರೆ ಸಣ್ಣಾಟದ ವೇಷ ಸರಳ, ವಸ್ತು ಹೆಚ್ಚಾಗಿ ಲೌಕಿಕ. ಬೈಲಹೊಂಗಲ ಸೀಮೆಯ 'ಸಂಗ್ಯಾ ಬಾಳ್ಯಾ' ಇದರ ಹೆಸರಾದ ಆಟ. ಅಲ್ಲಿ ಸೇಡು ಪುರಾಣದ ಮುಸುಕು ಕಳಚಿ ಮನೆತನದ ಮರ್ಯಾದೆಯ ಹೆಸರಿನಲ್ಲಿ ಬರುತ್ತದೆ. ಗೆಳೆಯನೇ ಗೆಳೆಯನನ್ನು ಒಪ್ಪಿಸಿಕೊಡುತ್ತಾನೆ. 'ಶ್ರೀಕೃಷ್ಣ ಪಾರಿಜಾತ'ದಲ್ಲಿ ಖಳನಿಲ್ಲ, ಅವಮಾನವಿದೆ. ನಾರದ ತಂದ ಪಾರಿಜಾತದ ಹೂ ರುಕ್ಮಿಣಿಯ ಪಾಲಾದಾಗ ಸತ್ಯಭಾಮೆಯ ಅಭಿಮಾನಕ್ಕೆ ಬಿದ್ದ ಪೆಟ್ಟೇ ಆಟದ ಮೂಲ. ಅಪರಾಳ ತಮ್ಮಣ್ಣ ರಚಿಸಿ ಕುಲಗೋಡ ತಮ್ಮಣ್ಣ ಬೆಳೆಸಿದ ಈ ಆಟದಲ್ಲಿ ದೂತಿಯ ಚುರುಕು ಮಾತು ಕೃಷ್ಣನನ್ನೂ ಬಿಡುವುದಿಲ್ಲ. ಕೌಜಲಗಿ ನಿಂಗಮ್ಮ ಈ ಆಟದಿಂದ ನಾಡಿನ ಗೌರವಕ್ಕೆ ಪಾತ್ರರಾದ ಕಲಾವಿದೆ.

ಕಿಳ್ಳೇಕ್ಯಾತರ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯಗೊಂಬೆಗಳು ರಾಮಾಯಣದ ನಡುವೆ ನುಗ್ಗಿ ಜಗಳವಾಡುತ್ತವೆ. ಮುಕ್ತ ಮಾತು, ಒರಟು ಅಂಗಭಂಗಿ, ದೊಡ್ಡವರನ್ನು ಗೇಲಿ ಮಾಡುವ ಧೈರ್ಯ ಇವುಗಳ ಬಂಡವಾಳ.

ಹಬ್ಬದ ಸೋಗು: ಕಾಮಣ್ಣ ಮತ್ತು ಜೋಕುಮಾರ

ನಗೆಗೆ ಗುರಿಯಾಗಿ ಸಾಯುವವನನ್ನೇ ಪೂಜಿಸುವ ಹಬ್ಬಗಳು ಈ ಸೀಮೆಯಲ್ಲಿವೆ. ಹೋಳಿ ಹುಣ್ಣಿಮೆಗೆ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ದೂರದೂರದ ಜನ ಹರಕೆ ಹೊರುತ್ತಾರೆ. ಬೇಡಿದ್ದನ್ನು ಕೊಡುವ ದೇವರೆಂದು ಅವನಿಗೆ ಹೆಸರಿದೆ. ಇನ್ನುಳಿದ ಊರುಗಳಲ್ಲಿ ಹಲಗೆಯ ಬಡಿತ, ಸೋಗು ಹಾಕುವ ಹುಡುಗರು, ಬಾಯಿ ಬಡಿದುಕೊಂಡು ಅಳುವ ಅಣಕದ ಶೋಕ, ಕೊನೆಗೆ ಕಾಮನ ದಹನ. ಭಾದ್ರಪದದಲ್ಲಿ ಜೋಕುಮಾರನ ಸರದಿ. ಹೆಂಗಸರು ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಹೊತ್ತು, ಸುತ್ತ ಬೇವಿನ ಸೊಪ್ಪು ಇಟ್ಟು, ಬಾಯಿಗೆ ಬೆಣ್ಣೆ ಸವರಿ ಮನೆಮನೆ ತಿರುಗುತ್ತಾರೆ. ಅಷ್ಟಮಿಗೆ ಹುಟ್ಟಿ, ಹೆಣ್ಣುಗಳ ಬೆನ್ನುಹತ್ತಿ, ಹುಣ್ಣಿಮೆಯೊಳಗೆ ಕೊಲೆಯಾಗುವ ಅವನು ಮಳೆ ಬೆಳೆಯ ದೇವರೂ ಹೌದು. ಲಂಪಟನನ್ನು ನಗುತ್ತಲೇ ಕೊಂದು, ಅವನ ಹೆಸರಿನಲ್ಲಿ ಮಳೆ ಬೇಡುವ ಈ ಮನೋಧರ್ಮವೇ ಅಟ್ಟದ ಖಳನನ್ನೂ ಪೊರೆಯಿತು.

ಕಂಪನಿ ನಾಟಕ ಮತ್ತು ಆಧುನಿಕ ನಾಟಕ

20ನೆಯ ಶತಮಾನದಲ್ಲಿ ವೃತ್ತಿ ಕಂಪನಿಗಳು ಹಳ್ಳಿಯ ಜಾತ್ರೆಗಳಿಗೆ ಬಂದವು. ಕುಂದಗೋಳ ಸವಾಯಿ ಗಂಧರ್ವರ (1886–1952) ಊರು. ಹಿಂದುಸ್ತಾನಿ ಗಾಯಕರಾಗಿ ಬೆಳಗಿದ ಅವರು ಮರಾಠಿ ಸಂಗೀತ ನಾಟಕಗಳಲ್ಲಿ ನಟರೂ ಆಗಿದ್ದರು. ಅದೇ ತಾಲ್ಲೂಕಿನ ಗುಡಗೇರಿ ಹೆಸರಿನ ಕಂಪನಿ ಉತ್ತರ ಕರ್ನಾಟಕದಲ್ಲಿ ಪರಿಚಿತ. ಕಂದಗಲ್ ಹನುಮಂತರಾಯರು (1896–1966) ಭಾರತದ ಖಳರಿಗೆ ಹೊಸ ಕಂಠ ಕೊಟ್ಟ ನಾಟಕಕಾರರು. 'ಬಾಣಸಿಗ ಭೀಮ'ದಲ್ಲಿ ಕೀಚಕನ ಕಥೆ, 'ರಕ್ತರಾತ್ರಿ'ಯಲ್ಲಿ ಕೌರವ ಬಿದ್ದ ರಾತ್ರಿ ಅಶ್ವತ್ಥಾಮ ತೀರಿಸಿಕೊಳ್ಳುವ ಸೇಡು ಇದೆ. ಈ ನಾಟಕಗಳ ಮಾತುಗಳನ್ನು ಬಾಯಿಪಾಠ ಒಪ್ಪಿಸುವ ಹಿರಿಯರು ಹಳ್ಳಿಗಳಲ್ಲಿ ಇಂದಿಗೂ ಸಿಗುತ್ತಾರೆ. ಸಾಮಾಜಿಕ ನಾಟಕಗಳಲ್ಲಿ ಕೌರವನ ಜಾಗಕ್ಕೆ ದರ್ಪದ ಗೌಡ, ಬಡ್ಡಿಯ ಸಾಹುಕಾರ ಬಂದರು. ಸಾರಥಿಯ ಜಾಗಕ್ಕೆ ಅವರ ಕೈಕೆಳಗಿನ ಆಳು ಬಂದ.

ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು 1972ರ 'ಜೋಕುಮಾರಸ್ವಾಮಿ'ಯಲ್ಲಿ ಬಯಲಾಟದ ಹಾಸ್ಯಖಳನನ್ನು ಹೊಸ ಕಾಲಕ್ಕೆ ಕರೆತಂದರು. ಊರ ಹೊಲವನ್ನೆಲ್ಲ ಬಂದೂಕಿನ ಬಲದಿಂದ ಹಿಡಿದುಕೊಂಡ ಗೌಡನಿಗೆ ಮಕ್ಕಳಿಲ್ಲ. ಗಂಡನಿಗೆಂದು ಗೌಡತಿ ಮಾಡಿದ ಜೋಕುಮಾರಸ್ವಾಮಿಯ ಪಲ್ಯ ಒಕ್ಕಲು ಬಸಣ್ಣನ ಪಾಲಾಗುತ್ತದೆ. ಹೊಲವೂ ಹೆಂಡತಿಯೂ ಕೈಬಿಟ್ಟ ಗೌಡ ಸೇಡಿಗೆ ಬಸಣ್ಣನನ್ನು ಕೊಲ್ಲಿಸುತ್ತಾನೆ. ಸೂತ್ರಧಾರ ಮತ್ತು ಮೇಳದ ಅಣಕದ ನಡುವೆ ನಕ್ಕು ನಕ್ಕು ಸಾಕಾದ ಪ್ರೇಕ್ಷಕರಿಗೆ ಉಳುವವನ ಕೊಲೆ ಎದುರಾಗುತ್ತದೆ.

ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು ಶೂದ್ರಕನ 'ಮೃಚ್ಛಕಟಿಕ'ವನ್ನು ಆಧರಿಸಿ 1984ರಲ್ಲಿ 'ಉತ್ಸವ್' ಚಲನಚಿತ್ರ ನಿರ್ದೇಶಿಸಿದರು. ಆ ನಾಟಕದ ಶಕಾರ ಭಾರತೀಯ ರಂಗಭೂಮಿಯ ಹಾಸ್ಯಖಳರ ಹಿರಿಯಣ್ಣ. ರಾಜನ ಭಾವಮೈದುನನಾದ ಅವನು ಪುರಾಣದ ಹೆಸರುಗಳನ್ನೆಲ್ಲ ಕಲಸಿ ಮಾತಾಡುತ್ತಾನೆ. ವಸಂತಸೇನೆ ತಿರಸ್ಕರಿಸಿದಾಗ ಕತ್ತು ಹಿಸುಕಿ, ತಪ್ಪನ್ನು ಚಾರುದತ್ತನ ತಲೆಗೆ ಕಟ್ಟುತ್ತಾನೆ. ಕೊನೆಗೆ ಚಾರುದತ್ತನೇ ಅವನನ್ನು ಕ್ಷಮಿಸುತ್ತಾನೆ. ಶೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್'ನಲ್ಲಿ ಇದಕ್ಕೆ ವ್ಯತಿರಿಕ್ತ ಚಿತ್ರವಿದೆ. ಸುಳ್ಳು ಪ್ರೇಮಪತ್ರ ನಂಬಿ ನಗೆಪಾಟಲಾದ ಮನೆಯ ಮೇಲ್ವಿಚಾರಕ ಮಾಲ್ವೋಲಿಯೊ ಎಲ್ಲರ ಮೇಲೂ ಸೇಡು ತೀರಿಸುವೆನೆಂದು ಹೇಳಿ ಹೊರನಡೆಯುತ್ತಾನೆ. ಮದುವೆಗಳ ಸಂತೋಷದಲ್ಲಿ ಅವನ ಕೋಪ ಪರಿಹಾರವಾಗದೆ ಉಳಿಯುತ್ತದೆ. ಬಯಲಾಟ ಹಾಗೆ ಯಾರನ್ನೂ ಹೊರಗೆ ಬಿಡುವುದಿಲ್ಲ. ಬೆಳಗಿನ ಮಂಗಳಕ್ಕೆ ಸತ್ತ ಖಳನೂ ಎದ್ದು ಬಂದು ಎಲ್ಲರ ಜೊತೆ ಆರತಿಗೆ ಕೈ ಮುಗಿಯುತ್ತಾನೆ.

ಅಧ್ಯಯನ ಮತ್ತು ಇಂದಿನ ಸ್ಥಿತಿ

ಬಯಲಾಟಗಳ ಸಂಗ್ರಹ ಮತ್ತು ಅಧ್ಯಯನಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮುಖ್ಯ ನೆಲೆಯಾಯಿತು. ಎಂ. ಎಸ್. ಸುಂಕಾಪುರ, ಚಂದ್ರಶೇಖರ ಕಂಬಾರ, ಬಸವರಾಜ ಮಲಶೆಟ್ಟಿ ಉತ್ತರ ಕರ್ನಾಟಕದ ಆಟಗಳ ಬಗ್ಗೆ ಕೆಲಸ ಮಾಡಿದವರಲ್ಲಿ ಪ್ರಮುಖರು. ಮೂಡಲಪಾಯದ ಅಧ್ಯಯನದಲ್ಲಿ ಜೀ. ಶಂ. ಪರಮಶಿವಯ್ಯನವರ ಹೆಸರು ದೊಡ್ಡದು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಆಟದ ಹಾಡುಗಳಿಗೆ ಅಟ್ಟದಾಚೆಯ ಕೇಳುಗರನ್ನು ತಂದಿತು. ಇಂದು ಬಾಗಲಕೋಟೆಯ ಕರ್ನಾಟಕ ಬಯಲಾಟ ಅಕಾಡೆಮಿ, 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಈ ಕಲೆಗೆ ಸಂಬಂಧಿಸಿದ ಸಂಸ್ಥೆಗಳು.

ಹಳ್ಳಿಯಲ್ಲಿ ಆಟಗಳು ಕಡಿಮೆಯಾಗಿವೆ. ರಾತ್ರಿಯಿಡೀ ಕೂರುವ ಪುರುಸೊತ್ತು ತಗ್ಗಿದೆ, ಕಲಿಸುವ ಮಾಸ್ತರರಿಗೆ ವಯಸ್ಸಾಗಿದೆ, ವೇಷದ ಸಾಮಾನಿನ ಖರ್ಚು ಏರಿದೆ. ಅಚ್ಚಾದ ಪಠ್ಯಗಳಲ್ಲಿ ಕಂದ ದರುವುಗಳು ಉಳಿದಿವೆ. ಸಾರಥಿಯ ಮಾತು ಮಾತ್ರ ಬಹುಪಾಲು ಅಟ್ಟದ ಮೇಲೆ ಆ ಗಳಿಗೆಯಲ್ಲೇ ಹುಟ್ಟುವಂಥದ್ದು. ಅದನ್ನು ಬರೆದಿಟ್ಟವರು ಕಡಿಮೆ. ಖಳನನ್ನು ಕೆಣಕಿ ಅವನ ಒಳಗಿನ ಗಾಯವನ್ನು ಹೊರಗೆ ತರುವ ಆ ಮಾತೇ ಹೋದರೆ ಉಳಿಯುವುದು ಬರಿಯ ಆರ್ಭಟ. ಆದ್ದರಿಂದ ಸಂಗ್ರಾಹಕರ ಮೊದಲ ಕೆಲಸ ಕಿರೀಟ ಭುಜಕೀರ್ತಿಗಳ ಚಿತ್ರ ತೆಗೆಯುವುದಕ್ಕಿಂತ ಸಾರಥಿ ಮತ್ತು ಖಳನ ನಡುವಿನ ಮಾತುಕತೆಯನ್ನು ಪೂರ್ತಿ ಧ್ವನಿಮುದ್ರಿಸುವುದಾಗಬೇಕು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಹಳ್ಳಿಗಳಲ್ಲಿ ಕೌರವನ, ಕೀಚಕನ, ಶಕುನಿಯ ಪಾತ್ರ ಕಟ್ಟಿದ ಹಿರಿಯರು ಇನ್ನೂ ಇದ್ದಾರೆ. ಅವರ ಬಳಿ ಕುಳಿತು ಕೇಳಿ ದಾಖಲಿಸುವುದು ಊರ ಶಾಲೆಯ ಶಿಕ್ಷಕರಿಂದ, ಗ್ರಂಥಾಲಯಗಳಿಂದ, ಆ ಮನೆಗಳ ಮಕ್ಕಳು ಮೊಮ್ಮಕ್ಕಳಿಂದಲೇ ಆಗಬೇಕಾದ ಕೆಲಸ.